ಟಿಫಿನ್ ಆರ್ಡರ್ ಹಿಡಿಯುವ ಮುಂಚೆ

ಡೊಂಬಿವಲಿ ಗೆಳತಿಯರೇ,
ಮನೆಯಿಂದಲೇ ಟಿಫಿನ್ ಕೊಟ್ಟು ನಾಲ್ಕು ಕಾಸು ಜಾಸ್ತಿ ಸಂಪಾದಿಸೋಣ ಅಂತ ಕೆಲವರು ಕೇಳಿದ್ದೀರಿ. ಒಳ್ಳೆಯ ಯೋಚನೆ. ಆದರೆ ಮೊದಲು ಲೆಕ್ಕ ಬರೆಯಿರಿ. ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವಂತಿಲ್ಲ, 19 ಕೆಜಿಯಂಥ ಕಮರ್ಷಿಯಲ್ ಸಿಲಿಂಡರ್ ಬೇಕು. ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಗ್ಯಾಸ್, ಎಣ್ಣೆ, ಡಬ್ಬಿ, ತಲುಪಿಸುವ ಖರ್ಚು ಎಲ್ಲ ಕಳೆದು ಕೈಯಲ್ಲಿ ಉಳಿಯುವುದನ್ನು ಮಾತ್ರ ನೋಡಿ.

ಮುಂಬೈನ ಸಿಎಸ್‌ಎಂಟಿ ಸ್ಟೇಷನ್ ಕಡೆ ಆಫೀಸಿಗೆ ಹೋಗುವವರಿಗೆ ಲೋಕಲ್ ರೈಲಿನಲ್ಲೇ ದಿನಕ್ಕೆ ಎರಡು ಗಂಟೆಗೂ ಜಾಸ್ತಿ ಹೋಗುತ್ತದೆ ಅಲ್ವಾ? ಅಂಥವರು ನಸುಕಿಗೇ ಎದ್ದು ಚಪಾತಿ ಲಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಭಾನುವಾರ ಮಾತ್ರ ಹೋಳಿಗೆ, ಚಟ್ನಿಪುಡಿ ಆರ್ಡರ್ ತಗೊಳ್ಳಿ. ರಾಶಿ ಪಾತ್ರೆ ಯಾರು ತೊಳೆಯುತ್ತಾರೆ, ಮಕ್ಕಳ ಓದು ಯಾರು ನೋಡುತ್ತಾರೆ ಅಂತ ಮನೆಯಲ್ಲಿ ತೀರ್ಮಾನವಾಗದೆ ಮುಂಗಡ ಹಿಡಿಯಬೇಡಿ. ರೇಟ್ ಲೆಕ್ಕ ಬೇಕಾದವರು ಇಲ್ಲೇ ಕೇಳಿ, ಕೂತು ಮಾಡಿಕೊಡುತ್ತೇನೆ.