ಕುಡಿತ ಬಿಡುವವರ ಸಭೆ ಎಲ್ಲಿ, ಯಾವಾಗ? ಪತ್ರಿಕೆಯಲ್ಲಿ ಬರಲಿ

ಮಾನ್ಯ ಸಂಪಾದಕರೇ,

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತು ಪತ್ರಿಕೆಗಳಲ್ಲಿ, ಬಸ್ ನಿಲ್ದಾಣದ ಗೋಡೆಗಳಲ್ಲಿ ಆಗಾಗ ಕಾಣುತ್ತದೆ. ಆದರೆ ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಒಟ್ಟಿಗೆ ಕೂತು ಮಾತಾಡುವ ಸಭೆ ಕೋಲಾರ ಜಿಲ್ಲೆಯಲ್ಲಿ ಯಾವ ವಾರ, ಎಷ್ಟು ಗಂಟೆಗೆ, ಯಾವ ಕಟ್ಟಡದಲ್ಲಿ ಎಂದು ತಿಳಿಯಬೇಕಾದರೆ ಹತ್ತು ಕಡೆ ಅಲೆಯಬೇಕು. ‘ನಗರದಲ್ಲಿ ಇಂದು’ ಅಂಕಣದಲ್ಲಿ ಇದಕ್ಕೆ ಎರಡು ಸಾಲು ಜಾಗ ಕೊಡಿ ಎಂಬುದು ನಮ್ಮ ಕೋರಿಕೆ.

ಇಂಥ ಜಾಹೀರಾತು ನಂಬಿ ಗುಟ್ಟಾಗಿ ಸಾರಿನಲ್ಲಿ ಬೆರೆಸುವ ಪುಡಿ, ಮಾತ್ರೆಯಲ್ಲಿ ಡೈಸಲ್ಫಿರಾಂ ಎಂಬ ಕುಡಿತ ಬಿಡಿಸುವ ಔಷಧ ಇದ್ದರೆ, ಮದ್ಯ ಕುಡಿದ ತಕ್ಷಣ ಬಿ.ಪಿ. ಕುಸಿದು ಜೀವಕ್ಕೇ ಅಪಾಯವಾಗಬಹುದು. ವೈದ್ಯರು ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಕೊಡುತ್ತಾರೆ.

ಸಭೆ ಹುಡುಕುವ ಮೊದಲು ಇನ್ನೊಂದು ಮಾತು. ದಿನವೂ ಬೆಳಿಗ್ಗೆ ಕೈ ನಡುಗಿ, ಒಂದು ಕ್ವಾರ್ಟರ್ ಒಳಗೆ ಹೋದ ಮೇಲೇ ನಡುಕ ನಿಲ್ಲುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಕೊನೆಯ ಕುಡಿತವಾದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಜ್ವರ, ದಿಕ್ಕೆಟ್ಟ ಮಾತು ಶುರುವಾಗಬಹುದು. ಮನೆಯವರು ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಯಂತ್ರ ಕಟ್ಟಿಸುತ್ತಾರೆ, ಇಲ್ಲವೇ ಹತ್ತಿರದ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ ಬತ್ತಿರುತ್ತದೆ. ಥಯಾಮಿನ್ (ಅದೇ ಬಿ1) ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಇಂಥವರನ್ನು ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸಭೆಗೆ ಅದಾದ ಮೇಲೆ ಹೋಗಬಹುದು.

ಹುಡುಕಲು ಮೂರು ದಾರಿ ಇವೆ. ಮೊದಲನೆಯದು ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ‘ಎ.ಎ.’ ಗುಂಪುಗಳಿಗೆ ಶುಲ್ಕವಿಲ್ಲ, ಅರ್ಜಿಯಿಲ್ಲ, ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಎರಡನೆಯದು, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು. ಊರಿನ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ತಿಳಿಯುತ್ತದೆ. ಮೂರನೆಯದು ಸರ್ಕಾರದ ಉಚಿತ ಸಹಾಯವಾಣಿ: ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್‌ಗೆ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಎ.ಎ. ಗುಂಪಿಗೆ ಫೋನ್ ಮಾಡುವುದು ಸಂಜೆ ಒಳ್ಳೆಯದು. ಫೋನ್ ಎತ್ತುವವರು ಸಂಬಳದ ನೌಕರರಲ್ಲ, ಹಗಲು ಕೆಲಸಕ್ಕೆ ಹೋಗಿರುವ ಸದಸ್ಯರು. ಹಳೆಯ ಪಟ್ಟಿ ನೋಡಿಕೊಂಡು ನೇರವಾಗಿ ಹೋದವರು ಬೀಗ ಹಾಕಿದ ಬಾಗಿಲು ನೋಡಿ ವಾಪಸಾಗುತ್ತಾರೆ, ಹಾಗೆ ಬಂದವರು ದಾರಿಯಲ್ಲಿ ವೈನ್ ಶಾಪ್ ದಾಟುವುದು ಕಷ್ಟ. ಆದ್ದರಿಂದ ಸಭೆ ಈ ವಾರ ಇದೆಯೇ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಹೊರಗೆ ಯಾರಾದರೂ ಕಾಯುತ್ತಾರೆಯೇ ಎಂದು ಬಿಡಿಸಿ ಕೇಳಿ. ಗೌಪ್ಯತೆಗಾಗಿ ಹಲವು ಕಡೆ ಬೋರ್ಡ್ ಇರುವುದಿಲ್ಲ. ಸಭೆ ಚರ್ಚ್ ಕೊಠಡಿಯಲ್ಲಿದ್ದರೆ ಮತಾಂತರ ಮಾಡುತ್ತಾರೆಂಬ ಭಯ ಬೇಡ. ಬಾಡಿಗೆ ಕಡಿಮೆಯೆಂದು ಹಿಡಿದ ಜಾಗವಷ್ಟೇ.

ಭಾಷೆಯನ್ನೂ ಕೇಳಲೇಬೇಕು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು, ಕೆ.ಜಿ.ಎಫ್.ನಲ್ಲಿ ತಮಿಳು. ಮನಸ್ಸಿನ ನೋವು ಮನೆಮಾತಿನಲ್ಲೇ ಹೊರಬರುವುದು. ಅರ್ಥವಾಗದ ಭಾಷೆಯಲ್ಲಿ ಒಂದು ಗಂಟೆ ಕೂತವರು ಎರಡನೇ ಸಲ ಬರುವುದು ಕಡಿಮೆ. ‘ಓಪನ್’ ಸಭೆಗೆ ಹೆಂಡತಿ, ಮಕ್ಕಳು, ಅಣ್ಣ ತಮ್ಮಂದಿರೂ ಜೊತೆಗೆ ಹೋಗಬಹುದು. ‘ಕ್ಲೋಸ್ಡ್’ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಬೇರೆ ಗುಂಪುಗಳಿವೆ. ಗಂಡ ಬಿಡಲಿ, ಬಿಡದಿರಲಿ, ಹೆಂಡತಿ ಅಲ್ಲಿಗೆ ಹೋಗಬಹುದು.

ಒಂದೇ ಸಭೆ ನೋಡಿ ತೀರ್ಮಾನ ಮಾಡಬೇಡಿ. ಮೊದಲ ದಿನ ಮಾತಾಡಲೇಬೇಕೆಂದಿಲ್ಲ, ಡಬ್ಬಿ ಬಂದರೆ ಹಣ ಹಾಕಲೇಬೇಕೆಂದೂ ಇಲ್ಲ. ಆಯ್ಕೆಯಿದ್ದರೆ ಬಟವಾಡೆಯ ಸಂಜೆಯ ಸಭೆಯನ್ನೇ ಹಿಡಿಯಿರಿ, ಜೇಬಿನಲ್ಲಿ ಕಾಸಿರುವ ಆ ಹೊತ್ತೇ ಕಾಲು ಜಾರುವ ಹೊತ್ತು. ರಾತ್ರಿ ಎಂಟೂವರೆಗೆ ಮುಗಿಯುವ ಸಭೆಯಾದರೆ ಹಳ್ಳಿಯ ಕೊನೆಯ ಬಸ್ಸು ವಿಚಾರಿಸಿಕೊಂಡೇ ಹೊರಡಿ. ಬಂಗಾರಪೇಟೆ, ಮಾಲೂರಿನವರಿಗೆ ರೈಲಿದೆ, ಬೆಂಗಳೂರಿನ ಸಭೆಗಳೂ ಕೈಗೆಟುಕುತ್ತವೆ. ಫೋನಿನಲ್ಲೇ ಸೇರಬಹುದಾದ ಆನ್‌ಲೈನ್ ಸಭೆಗಳೂ ಇವೆ, ಆದರೆ ಹೊಸಬರಿಗೆ ಪಕ್ಕದಲ್ಲಿ ಮನುಷ್ಯರು ಇರಬೇಕು ಎಂಬುದು ನಮ್ಮ ಅಭಿಪ್ರಾಯ.

ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ಚೀಟಿ ಕೊಡುವ ಕಿಟಕಿಯ ಬಳಿ ಆರೋಗ್ಯ ಇಲಾಖೆ ಈ ವಿವರದ ಫಲಕ ಹಾಕಿಸಲಿ. ಪತ್ರಿಕೆ ಪ್ರಕಟಿಸುವಾಗ ವಾರ, ವೇಳೆ, ಕಟ್ಟಡದ ಗುರುತು, ಭಾಷೆ, ಓಪನ್ ಅಥವಾ ಕ್ಲೋಸ್ಡ್, ಗುಂಪಿನ ಫೋನ್ ಸಂಖ್ಯೆ ಇಷ್ಟಿದ್ದರೆ ಸಾಕು. ತಿಂಗಳಿಗೊಮ್ಮೆ ಗುಂಪಿನವರನ್ನು ಕೇಳಿ ತಿದ್ದಿಕೊಳ್ಳಿ. ಸದಸ್ಯರ ಹೆಸರು, ಫೋಟೊ ಮಾತ್ರ ದಯವಿಟ್ಟು ಹಾಕಬೇಡಿ.

– ವ್ಯಸನಮುಕ್ತಿ ಆಪ್ತಸಮಾಲೋಚಕರು, ಕೋಲಾರ