ಗಣಿತ ಪರೀಕ್ಷೆಗೆ ಕೂರಲಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಓದುವಾಗ ಎಲ್ಲ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೈ ಓಡುವುದಿಲ್ಲ ಎಂದು ಬರೆದಿದ್ದೀಯ. ತೊಂದರೆ ಇರುವುದು ಓದುವ ಕ್ರಮದಲ್ಲಿ. ಬಿಡಿಸಿಟ್ಟ ಲೆಕ್ಕದಲ್ಲಿ ಮುಂದಿನ ಹೆಜ್ಜೆ ಯಾವುದು ಎಂದು ಪುಸ್ತಕ ಬರೆದವರೇ ತೀರ್ಮಾನಿಸಿ ಮುಗಿಸಿರುತ್ತಾರೆ. ನೀನು ಹೌದು ಹೌದು ಎಂದು ತಲೆದೂಗುತ್ತಾ ಪುಟ ತಿರುವುತ್ತೀಯ. ಪರೀಕ್ಷೆ ಕೇಳುವುದು ಆ ತೀರ್ಮಾನವನ್ನೇ.

ಹಾಗಾಗಿ ಉದಾಹರಣೆಯನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಮೊದಲಿನಿಂದ ಬಿಡಿಸು. ಸಿಕ್ಕಿಹಾಕಿಕೊಂಡರೆ ಹತ್ತು ನಿಮಿಷ ಅಲ್ಲೇ ಒದ್ದಾಡು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಬರೆ, ಚಿತ್ರ ಹಾಕು, ಅಕ್ಷರದ ಜಾಗದಲ್ಲಿ ಸಣ್ಣ ಸಂಖ್ಯೆ ಇಟ್ಟು ನೋಡು. ಆಗಲೂ ದಾರಿ ಕಾಣದಿದ್ದರೆ ಉತ್ತರದ ಒಂದೇ ಸಾಲು ನೋಡಿ ಮತ್ತೆ ಮುಚ್ಚು. ಸಿಕ್ಕಿಕೊಂಡ ಲೆಕ್ಕಕ್ಕೆ ಚುಕ್ಕೆ ಇಟ್ಟು, ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬಿಡಿಸು. ಮರುಗಳಿಗೆಯಲ್ಲೇ ಮಾಡಿದರೆ ಕಣ್ಣಲ್ಲಿ ಉಳಿದ ಸಾಲುಗಳನ್ನು ನಕಲು ಮಾಡಿದಂತಾಗುತ್ತದೆ, ಅಷ್ಟೆ.

ಇನ್ನೊಂದು ಮೋಸ ಅಭ್ಯಾಸದ ಪುಟದಲ್ಲೇ ಇದೆ. ವರ್ಗ ಸಮೀಕರಣದ ಅಧ್ಯಾಯದಲ್ಲಿ ಇಪ್ಪತ್ತು ಲೆಕ್ಕ ಮಾಡುವಾಗ ಯಾವ ವಿಧಾನ ಎಂದು ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಹೆಸರು ಇರುವುದಿಲ್ಲ. ಅದಕ್ಕೆ ನಾಲ್ಕು ಅಧ್ಯಾಯಗಳಿಂದ ಎರಡೆರಡು ಲೆಕ್ಕ ಆರಿಸಿ ಚೀಟಿ ಮಾಡಿ, ಕಲಸಿ, ಬಂದ ಕ್ರಮದಲ್ಲೇ ಬಿಡಿಸು. ಸಮಯ ಕಡಿಮೆಯಿದ್ದ ದಿನ ಹತ್ತು ಲೆಕ್ಕ ಓದಿ, ಒಂದೊಂದಕ್ಕೂ ಒಂದೇ ನಿಮಿಷದಲ್ಲಿ ವಿಧಾನದ ಹೆಸರು ಮತ್ತು ಮೊದಲ ಸಾಲು ಮಾತ್ರ ಬರೆ. ಈ ಕಲಸಿದ ಅಭ್ಯಾಸದಲ್ಲಿ ಮೊದಮೊದಲು ತಪ್ಪು ಹೆಚ್ಚಾಗುತ್ತದೆ. ಹೆದರಿ ಬಿಡಬೇಡ, ಫಲ ಕೊಡುವುದು ಇದೇ.

ತಪ್ಪಿಗೊಂದು ಪುಸ್ತಕ ಇಡು ಎಂದು ಒತ್ತಿ ಹೇಳುತ್ತೇನೆ. ಮೂರು ಕಾಲಮ್ ಸಾಕು: ಲೆಕ್ಕ, ತಪ್ಪಿದ ಸಾಲು, ಕಾರಣ. ಕಾರಣದಲ್ಲಿ ‘ಅಜಾಗರೂಕತೆ’ ಎಂದು ಬರೆಯಬೇಡ, ಆ ಪದದಿಂದ ಏನೂ ತಿದ್ದಲಾಗುವುದಿಲ್ಲ. 7 − (ಎಕ್ಸ್ − 3) ಎಂಬುದು 4 − ಎಕ್ಸ್ ಆಗಿದ್ದರೆ, ‘ಆವರಣದ ಹಿಂದಿನ ಋಣ ಚಿಹ್ನೆ ಎರಡನೇ ಪದಕ್ಕೆ ತಲುಪಲಿಲ್ಲ’ ಎಂದು ಬರೆ. ಸರಿಯಾದದ್ದು 10 − ಎಕ್ಸ್. ಎಕ್ಸ್² = 5ಎಕ್ಸ್ ಎಂದಾಗ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿದರೆ 5 ಮಾತ್ರ ಉಳಿದು, 0 ಎಂಬ ಮೂಲ (ಸಮೀಕರಣಕ್ಕೆ ಹೊಂದುವ ಬೆಲೆ) ಕೈತಪ್ಪುತ್ತದೆ. ಎಕ್ಸ್ ಸೊನ್ನೆಯೂ ಆಗಿರಬಹುದಲ್ಲ, ಸೊನ್ನೆಯಿಂದ ಭಾಗಿಸುವಂತಿಲ್ಲ; ಎಲ್ಲವನ್ನೂ ಒಂದೇ ಕಡೆ ತಂದು ಎಕ್ಸ್(ಎಕ್ಸ್ − 5) = 0 ಮಾಡು. ಇದಕ್ಕೆ ತಿರುಗುಮುರುಗಿನದು √(ಎಕ್ಸ್ + 2) = ಎಕ್ಸ್. ವರ್ಗ ಮಾಡಿದರೆ 2 ಮತ್ತು −1 ಎರಡೂ ಬರುತ್ತವೆ, ಆದರೆ −1 ಇಟ್ಟು ನೋಡಿದರೆ ಎಡಗಡೆ 1, ಬಲಗಡೆ −1. ಇಲ್ಲದ ಮೂಲವೊಂದನ್ನು ಒಳಗೆ ಬಿಟ್ಟುಕೊಂಡದ್ದು ವರ್ಗ ಮಾಡುವ ಹೆಜ್ಜೆ. ಆದ್ದರಿಂದ ಉತ್ತರವನ್ನು ಲೆಕ್ಕದಲ್ಲಿ ಮೊದಲು ಕೊಟ್ಟ ಸಮೀಕರಣದಲ್ಲೇ ಇಟ್ಟು ತಾಳೆ ನೋಡು, ನಡುವಿನ ಸಾಲಿನಲ್ಲಿ ನೋಡಿದರೆ ಈ ತಪ್ಪು ಸಿಗದು. ಎರಡು ವಾರ ಬರೆದರೆ ನಿನ್ನ ತಪ್ಪುಗಳು ಮೂರು ನಾಲ್ಕು ಬಗೆಯವೇ ಎಂದು ನಿನಗೇ ಕಾಣಬಹುದು.

ಸೂತ್ರಗಳನ್ನು ಪಟ್ಟಿ ನೋಡಿ ಓದುವ ಬದಲು ಖಾಲಿ ಹಾಳೆಯಲ್ಲಿ ನೆನಪಿನಿಂದ ಬರೆದು ಆಮೇಲೆ ಹೋಲಿಸು. ಹುಟ್ಟಿಸಬಹುದಾದದ್ದನ್ನು ಬಾಯಿಪಾಠ ಮಾಡಬೇಡ: ಸೈನ್² + ಕಾಸ್² = 1 ಎಂಬುದನ್ನು ಕಾಸ್²ನಿಂದ ಭಾಗಿಸಿದರೆ ಟ್ಯಾನ್² + 1 = ಸೆಕ್² ತಾನೇ ಬರುತ್ತದೆ.

ಕೊನೆಯ ಎರಡು ವಾರ, ವಾರಕ್ಕೆ ಎರಡು ಪೂರ್ಣ ಪತ್ರಿಕೆಗಳನ್ನು ಗಡಿಯಾರ ಇಟ್ಟು ಒಂದೇ ಕೂತಲ್ಲಿ ಬರೆ. ಮೂರು ಗಂಟೆಗೆ 80 ಅಂಕ ಎಂದರೆ 180 ನಿಮಿಷ. ತಾಳೆ ನೋಡಲು 20 ನಿಮಿಷ ತೆಗೆದಿಟ್ಟರೆ ಅಂಕಕ್ಕೆ 2 ನಿಮಿಷ. 4 ಅಂಕದ ಲೆಕ್ಕ 8 ನಿಮಿಷ ದಾಟಿ, ದಾರಿಯೂ ಕಾಣದಿದ್ದರೆ ಜಾಗ ಬಿಟ್ಟು ಮುಂದಕ್ಕೆ ಹೋಗು. ಸಾಲಿಗೊಂದೇ ಸಮ ಚಿಹ್ನೆ ಇರಲಿ, ಹಂತ ನುಂಗಬೇಡ. ಹಂತಕ್ಕೆ ಅಂಕ ಕೊಡುವ ಕಡೆ, ಉತ್ತರ ತಪ್ಪಿದರೂ ಸರಿಯಾದ ಸಾಲುಗಳು ಕೈಹಿಡಿಯುತ್ತವೆ.

ಹಿಂದಿನ ರಾತ್ರಿ ಹೊಸ ಲೆಕ್ಕ ಮುಟ್ಟಬೇಡ. ತಪ್ಪಿನ ಪುಸ್ತಕದ ಮೂರನೇ ಕಾಲಮ್ ಓದಿ ಮಲಗು, ನಿದ್ದೆಗೆಟ್ಟ ತಲೆ ಮೊದಲು ಎಡವುವುದು ಚಿಹ್ನೆಗಳಲ್ಲೇ. ಆ ಪುಸ್ತಕದ ಮೊದಲ ಪುಟ ತುಂಬಿದ ಕೂಡಲೇ ಫೋಟೋ ತೆಗೆದು ಕಳಿಸು. ಕಾರಣ ಸರಿಯಾಗಿ ಬರೆದಿದ್ದೀಯೋ ಇಲ್ಲವೋ ಇಬ್ಬರೂ ಸೇರಿ ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ