ಮಗಳಿಗೊಂದು ಪತ್ರ: ಬೈತಖೋಲದ ದೋಣಿ ಮತ್ತು ನನ್ನ ಬೆರಳು

ಪ್ರೀತಿಯ ಪುಟ್ಟಿ,

"ಬೆರಳು ಇಷ್ಟು ಊದಿಕೊಂಡಿರುವಾಗ ಚಿತ್ರ ಯಾಕಮ್ಮಾ, ಸ್ವಲ್ಪ ದಿನ ಬಿಡು" ಎಂದೆಯಲ್ಲ, ಫೋನಿನಲ್ಲಿ ಅದಕ್ಕೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಬಿಡೋಕಾಗಲ್ಲ ಕಣೇ. ಈಗಲೇ ಕೈ ಕುದುರುತ್ತಿದೆ.

ಸಂಧಿವಾತ ಹಾಗೇ ಇದೆ. ಮಾತ್ರೆ ತಪ್ಪಿಸುತ್ತಿಲ್ಲ. ಬೆಳಿಗ್ಗೆ ಏಳುವಾಗ ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಕೈಯಿಟ್ಟು, ತಿಂಡಿ ಮುಗಿಸಿ, ಹತ್ತು ಗಂಟೆ ಹೊತ್ತಿಗೆ ಸಡಿಲವಾಗುತ್ತವೆ. ಅಲ್ಲಿಂದ ಮುಂದಿನ ಒಂದು ಗಂಟೆ ನನ್ನದು. ಅಪ್ಪ ಬ್ರಶ್ಶಿನ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟಿದ್ದಾರೆ, ಬಿಗಿಯಾಗಿ ಹಿಡಿಯಬೇಕಿಲ್ಲ. ಮೇಜಿನ ಮುಂದೆ ನಿಂತುಕೊಂಡು ಬರೆಯುತ್ತೇನೆ. ಆಗ ಗೆರೆ ಮೊಣಕೈಯಿಂದ, ಭುಜದಿಂದ ಬರುತ್ತದೆ, ಬೆರಳಿಗೆ ಕೆಲಸ ಕಡಿಮೆ.

ಮೊದಲೆಲ್ಲ ನೀರುಬಣ್ಣದಲ್ಲಿ ಸಣ್ಣ ಬ್ರಶ್ ಹಿಡಿದು ದೋಣಿಯ ಹಗ್ಗ, ಹಲಗೆ, ಬಲೆಯ ಕಣ್ಣು ಎಲ್ಲ ಬಿಡಿಸುತ್ತಿದ್ದೆ ಅಲ್ವಾ? ಈಗ ಹನ್ನೆರಡನೇ ನಂಬರಿನ ದಪ್ಪ ಬ್ರಶ್ ಒಂದೇ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಾಗಾಗಿ ನಮ್ಮ ಬೈತಖೋಲ ಬಂದರಿನಲ್ಲಿ ಟ್ರಾಲರ್‌ಗಳು ಸಾಲಾಗಿ ನಿಂತಿವೆ. ಮಳೆ ಬಿಟ್ಟಾಗ ಅಪ್ಪನ ಸ್ಕೂಟರಿನಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ.

ಮೊನ್ನೆ ಆಕಾಶ ಹಾಕಿದೆ. ಅಲ್ಟ್ರಾಮರೀನ್ ನೀಲಿಗೆ ಕೆಂಗಂದು ಬಣ್ಣದ ಬರ್ಂಟ್ ಸಿಯೆನ್ನಾ ಬೆರೆಸಿದರೆ ನಮ್ಮ ಜುಲೈ ಮೋಡದ್ದೇ ಬೂದು ಬಣ್ಣ ಬರುತ್ತದೆ. ಸಿಯೆನ್ನಾ ಜಾಸ್ತಿಯಾದರೆ ಇಲ್ಲಿನ ಚಿರೆಕಲ್ಲಿನ ಕೆಂಪು. ಕಾಗದ ಪೂರ್ತಿ ಒದ್ದೆ ಮಾಡಿ ಬಣ್ಣ ಬಿಟ್ಟೆ, ಅದು ತಾನೇ ಹರಡಿಕೊಂಡಿತು. ಆಮೇಲೆ ಕಾಯಬೇಕು. ಅರೆಬರೆ ಒಣಗಿದಾಗ ನೀರು ಬಿದ್ದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ. ಮೇಲಿನ ಹೊಳಪು ಹೋದರೂ ನಂಬುವಂತಿಲ್ಲ. ಕೈಯ ಹಿಂಬದಿ ತಾಗಿಸಿ ನೋಡುತ್ತೇನೆ, ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಅಂತ. ಕಾರವಾರದ ಮಳೆಗಾಲದಲ್ಲಿ ಇದಕ್ಕೆ ಎಷ್ಟು ಹೊತ್ತು ಬೇಕು ಅಂತ ನಿನಗೆ ಗೊತ್ತು. ಅಷ್ಟೂ ಹೊತ್ತು ಕೈಗೆ ವಿಶ್ರಾಂತಿ. ಆಮೇಲೆ ದೋಣಿಯ ಹೊಟ್ಟೆ, ಒಂದೇ ಎಳೆತ. ನೀರಿನ ಮೇಲಿನ ಬೆಳಕಿಗೆ ಬಿಳಿ ಬಣ್ಣ ಹಾಕಲಿಲ್ಲ, ಕಾಗದವನ್ನೇ ಬಿಟ್ಟೆ. ಆ ಆಕಾಶ ನಾನು ಇದುವರೆಗೆ ಹಾಕಿದ್ದರಲ್ಲೇ ಒಳ್ಳೆಯದು. ಇದನ್ನು ಹೇಳೋಕೆ ನನಗೆ ಸಂಕೋಚವಿಲ್ಲ.

ನೋವು ಒಳ್ಳೆಯದೇ ಮಾಡಿತು ಅಂತ ಮಾತ್ರ ಹೇಳಲಾರೆ. ಚಮಚ ಹಿಡಿಯಲೂ ಆಗದ ದಿನಗಳಿವೆ. ಅಂಥ ದಿನ ಎಡಗೈಯಲ್ಲಿ ಬಣ್ಣ ಬೆರೆಸಿ, ಚೂರು ಕಾಗದದ ಮೇಲೆ ಬೂದುಗಳನ್ನು ಸಾಲಾಗಿ ಹಚ್ಚಿ ನೋಡುತ್ತೇನೆ. ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೂ ಇದೇ ಕಾಯಿಲೆ ಇತ್ತು. ಬೆರಳು ಪೂರ್ತಿ ಮಡಚಿಹೋದ ಮೇಲೂ, ಅಂಗೈಗೆ ಬಟ್ಟೆ ಸುತ್ತಿಕೊಂಡು, 1919ರಲ್ಲಿ ತೀರಿಕೊಳ್ಳುವವರೆಗೆ ಬರೆದರು. ಅವರದು ಎಣ್ಣೆಬಣ್ಣ, ಮೇಲೆ ಮೇಲೆ ತಿದ್ದಬಹುದು. ನಮ್ಮ ನೀರುಬಣ್ಣದಲ್ಲಿ ಆ ಸೌಕರ್ಯ ಇಲ್ಲ. ಇನ್ನು ನಮ್ಮ ಬೀಚಿಗೆ ಯಾರ ಹೆಸರಿಟ್ಟಿದ್ದಾರೋ ಆ ಟ್ಯಾಗೋರರು ಚಿತ್ರಕ್ಕೆ ಸರಿಯಾಗಿ ಕೈ ಹಾಕಿದ್ದೇ ಅರವತ್ತು ದಾಟಿದ ಮೇಲೆ. ನನಗಿನ್ನೂ ಟೈಮಿದೆ.

ಆಗಸ್ಟ್ 1ಕ್ಕೆ ದೋಣಿಗಳು ಕಡಲಿಗಿಳಿಯುತ್ತವೆ, ಅಷ್ಟರೊಳಗೆ ಇನ್ನೊಂದೆರಡು ಬರೆಯಬೇಕು. ಚೌತಿಗೆ ಬರುವಾಗ 300 ಜಿಎಸ್ಎಂನ ದಪ್ಪ ಕಾಗದ ತಾ, ಪೂರ್ತಿ ಹತ್ತಿಯದ್ದೇ ಆಗಬೇಕು. ತೆಳ್ಳಗಿನದು ನೀರಿಗೆ ಸುಕ್ಕಾಗುತ್ತದೆ. ಸಣ್ಣ ಪ್ಯಾಕೆಟ್ ಸಾಕು, ಜಾಸ್ತಿ ತಂದಿಟ್ಟರೆ ಈ ಹವೆಗೆ ಬೂಷ್ಟು ಹಿಡಿಯುತ್ತದೆ. ಟ್ಯೂಬಿನ ಬಣ್ಣ ಬೇಡ, ಮುಚ್ಚಳ ತಿರುಗಿಸೋಕೆ ಕಷ್ಟ. ಗಟ್ಟಿ ಬಿಲ್ಲೆಯಂತಿರುವ ಪ್ಯಾನ್ ಬಣ್ಣ ತಾ, ಅಲ್ಟ್ರಾಮರೀನ್ ಎರಡು ಇರಲಿ.

ನಿನ್ನ
ಅಮ್ಮ